ಏಳು ಗಂಟೆಯ ಫೋನು

ನಾನು ಧಾರವಾಡದವನು. ಪುಣೆಗೆ ಬಂದು 11 ವರ್ಷ ಆಯ್ತು. ಮನೆ ವಾಕಡದಲ್ಲಿ, ನನ್ನ ಆಫೀಸು ಹಿಂಜವಡಿಯಲ್ಲಿ. ಹೆಂಡತಿಯದು ಖರಾಡಿ, ಅಂದ್ರೆ ಊರಿನ ಇನ್ನೊಂದು ತುದಿ. ಇಬ್ಬರು ಹೆಣ್ಣುಮಕ್ಕಳು. ದೊಡ್ಡಾಕಿಗೆ 8, ಸಣ್ಣಾಕಿಗೆ 6. ಮಕ್ಕಳ ದಿನಚರಿ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಅದರಲ್ಲಿ ಪಾಸಾದವನಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಕಳೆದ ಜೂನ್‌ನಲ್ಲಿ ಸಣ್ಣಾಕಿ ಒಂದನೇ ಕ್ಲಾಸಿಗೆ ಸೇರಿದಳು. ಅಲ್ಲಿವರೆಗೂ ಹತ್ತು ಗಂಟೆಗೆ ಕೈಹಿಡ್ಕೊಂಡು ಪ್ಲೇಸ್ಕೂಲಿಗೆ ಬಿಟ್ಟು ಬಂದ್ರೆ ಮುಗೀತಿತ್ತು. ಈಗ 7:10ಕ್ಕೆ ಸುರಿಯೋ ಮಳೆಯಲ್ಲಿ ಗೇಟಿನ ಹತ್ರ ವ್ಯಾನು. ಎಲ್ಲಾ ಹೊಸದಾಗಿ ಹೊಂದಿಸ್ಬೇಕಲ್ಲ, ನಾನು ನಮ್ಮಂಥವರು ಮಾಡೋದನ್ನೇ ಮಾಡಿದೆ. ಎಕ್ಸೆಲ್ ತೆಗೆದೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ 6:30ಕ್ಕೆ ಈಜು. ಮಂಗಳವಾರ, ಗುರುವಾರ 7ಕ್ಕೆ ಅಬಾಕಸ್. ಶನಿವಾರ ಭರತನಾಟ್ಯ. ಭಾನುವಾರ ಬೆಳಿಗ್ಗೆ 10ಕ್ಕೆ ಕನ್ನಡ ಕ್ಲಾಸು. ಒಂದೊಂದಕ್ಕೆ ಒಂದೊಂದು ಬಣ್ಣ ಹಾಕಿ, ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದೆ. ಹೆಂಡತಿ ನೋಡಿ, "ಇದರಾಗ ಇಬ್ಬರೂ ಜಗಳಾಡೂ ಟೈಮ್ ಎಲ್ಲೈತಿ?" ಅಂದ್ಲು. ನಾನು ನಕ್ಕು ಬಿಟ್ಟೆ.

ಕನ್ನಡ ಕ್ಲಾಸಿನ ಬಗ್ಗೆ ಸ್ವಲ್ಪ ಹೇಳ್ಬೇಕು. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾನೂನಿನಿಂದ ಮರಾಠಿ ಕಡ್ಡಾಯ. ನನಗೆ ಅದರ ಬಗ್ಗೆ ತಕರಾರಿಲ್ಲ, ಇರೋ ಊರಿನ ಭಾಷೆ ಬರಲೇಬೇಕು. ಸಣ್ಣಾಕಿಗಂತೂ ಮರಾಠಿ ಅಂದ್ರೆ ಖುಷಿ. ಹಿಂದಿಯ ವರ್ಣಮಾಲೆಯಲ್ಲಿ 'ಳ' ಇಲ್ಲ, ಮರಾಠಿಯಲ್ಲಿ ಇದೆ. ಅದನ್ನ ನೋಡಿ, "ಪಪ್ಪಾ, ನಮ್ಮ ಳ ಇಲ್ಲೂ ಐತಿ!" ಅಂತ ಕುಣಿದಳು. ಆದ್ರೆ ಮರಾಠಿಯಲ್ಲಿ 'ಎ' ಮತ್ತು 'ಏ' ಬೇರೆ ಬೇರೆ ಅಕ್ಷರ ಅಲ್ಲ, 'ಒ' ಮತ್ತು 'ಓ' ಕೂಡ ಅಷ್ಟೆ. ಹಂಗಾಗಿ ಕನ್ನಡ ಪುಸ್ತಕದಲ್ಲಿ 'ಎಲೆ' ಅಂತಿದ್ರೆ ಅವಳು 'ಏಲೆ' ಅಂತ ಓದೋಕೆ ಶುರು ಮಾಡಿದಳು. ನನಗೆ ಗಾಬರಿ ಆಯ್ತು. ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ನಾಲ್ಕಾರು ಕನ್ನಡದ ಮನೆಯವರು ಸೇರಿ ಕ್ಲಾಸು ನಡೆಸ್ತಾರೆ. ಇಬ್ಬರನ್ನೂ ಅಲ್ಲಿಗೆ ಸೇರಿಸಿದೆ. ಭಾಷೆ ಉಳಿಸೋ ಕೆಲಸ ಮುಗೀತು ಅಂದ್ಕೊಂಡೆ.

ಆಗಸ್ಟ್‌ನಲ್ಲಿ ಆ ಕ್ಲಾಸಿನಿಂದ ಒಂದು ಹೋಮ್‌ವರ್ಕ್ ಬಂತು. 'ನಮ್ಮ ಅಜ್ಜಿಯ ಮನೆ' ಅಂತ ಐದು ವಾಕ್ಯ ಬರೀಬೇಕು. ನಮ್ಮನೆಯಲ್ಲಿ ಅಜ್ಜಿಗೆ ಆಯಿ ಅಂತೀವಿ. ಮರಾಠಿಯವರಿಗೆ ಆಯಿ ಅಂದ್ರೆ ತಾಯಿ. ಸೊಸೈಟಿಯ ಹುಡುಗರು ಸಣ್ಣಾಕಿನ್ನ "ನಿನಗೆ ಇಬ್ಬರು ಆಯಿನಾ?" ಅಂತ ಕೇಳ್ತಿರ್ತಾರೆ. ಇವಳು, "ಹೂಂ, ಒಬ್ಬಾಕಿ ಧಾರವಾಡದಾಗ ಇರ್ತಾಳ" ಅಂತ ಬೀಗ್ತಾಳೆ. ಇರಲಿ. ದೊಡ್ಡಾಕಿ ಬರೆದಳು: ನಮ್ಮ ಆಯಿಯ ಮನೆಯ ಹಿತ್ತಲಲ್ಲಿ ಪೇರಲ ಗಿಡ ಇದೆ. ನಾವು ಹೋದಾಗ ಹತ್ತುತ್ತೇವೆ. ಚೆನ್ನಾಗಿ ಬರೆದಿದ್ದಳು. ಆಯಿಗೆ ಓದಿ ತೋರಿಸು ಅಂತ ಫೋನು ಹಚ್ಚಿ ಕೊಟ್ಟೆ.

ಆ ಕಡೆಯಿಂದ ನಮ್ಮವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಗಿಡ ಬಿತ್ತವ್ವಾ, ಜುಲೈ ತಿಂಗಳ ಮಳೀಗೆ" ಅಂದ್ರು.

ನಾನು ಫೋನು ಇಸ್ಕೊಂಡೆ. ಯಾಕ ಹೇಳಲಿಲ್ಲ ಅಂತ ಕೇಳಿದೆ. "ಹುಡುಗ್ಯಾರಿಗೇ ಹೇಳೂಣಂತ ಇದ್ನಿ. ಅವರು ಯಾವಾಗ ಖಾಲಿ ಇರ್ತಾರಂತ ತಿಳೀಲಿಲ್ಲ. ನೀ ಒಂದ್ ಟೈಮ್ ಹೇಳಿದ್ರ ಆವಾಗ ಮಾಡ್ತೀನಪಾ."

ನಾನು ದಿನಾ ಕಾರಿನಿಂದ ಅವ್ವನಿಗೆ ಫೋನ್ ಮಾಡ್ತೀನಿ. ಎರಡು ನಿಮಿಷ. ಊಟ ಆತಾ, ಗುಳಿಗಿ ತಗೊಂಡಿ, ಇಷ್ಟೇ. ಗಿಡದ ಸುದ್ದಿ ಆ ಎರಡು ನಿಮಿಷದಲ್ಲಿ ಹಿಡಿಯೋದಲ್ಲ. ಅದು ಏಳು ಗಂಟೆಯ ಫೋನಿನ ಸುದ್ದಿ. ಮೊದಲು ಅವ್ವ ಸಂಜೆ ದೀಪ ಹಚ್ಚಿ, ಏಳಕ್ಕೆ ಮೊಮ್ಮಕ್ಕಳಿಗೆ ಫೋನ್ ಮಾಡ್ತಿದ್ರು. ಅರ್ಧ ಗಂಟೆ. ಅಕ್ಕ ಹೊಡೆದ್ಲು ಅಂತ ದೂರು, ಬೆಕ್ಕಿನ ಮರಿ ಎಷ್ಟು ಅನ್ನೋ ಲೆಕ್ಕ, ರೊಟ್ಟಿ ಯಾಕೆ ತಿನ್ನಲಿಲ್ಲ ಅನ್ನೋ ವಿಚಾರಣೆ, ಎಲ್ಲಾ ಕನ್ನಡದಲ್ಲಿ. ಎಂಟಕ್ಕೆ ಅವರ ಊಟ, ಎಂಟೂವರೆಗೆ ಮಲಗಿಬಿಡ್ತಾರೆ. ನನ್ನ ಎಕ್ಸೆಲ್‌ನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಆ ಏಳು ಗಂಟೆ ಪೂರ್ತಿ ಬಣ್ಣ ತುಂಬಿತ್ತು. ಜೂನ್‌ನಲ್ಲಿ ಅವರ ನಾಲ್ಕೈದು ಮಿಸ್ಡ್ ಕಾಲ್ ಇದ್ವು. ಆಮೇಲೆ ಅವೂ ಇಲ್ಲ.

ನೋಡಿ, ಕನ್ನಡ ಕ್ಲಾಸಿಗೆ ತಿಂಗಳಿಗಿಷ್ಟು ಅಂತ ಫೀ ಕೊಟ್ಟು, ಪುಕ್ಕಟೆ ನಡೀತಿದ್ದ ಕನ್ನಡವನ್ನ ನಾನೇ ಬಂದ್ ಮಾಡಿಸಿದ್ದೆ.

ಈಜು ಬಿಡಿಸಲಿಲ್ಲ. ಸಣ್ಣಾಕಿ ಇನ್ನೂ ಕಂಬಿ ಹಿಡ್ಕೊಂಡೇ ನಿಲ್ತಾಳೆ, ಆದ್ರೂ ಈಜು ಬರಲೇಬೇಕು ಅನ್ನೋದು ನನ್ನ ಹಟ. ಅಬಾಕಸ್ ಬಿಡಿಸಿದೆ. ಮೂರು ತಿಂಗಳ ಫೀ ಮುಂಗಡ ಕೊಟ್ಟಿದ್ದೆ, ವಾಪಸ್ ಬರಲಿಲ್ಲ. ಹೊಟ್ಟೆ ಉರೀತು. ಮಂಗಳವಾರ, ಗುರುವಾರ ಏಳು ಗಂಟೆ ಆಯಿಗೆ ಅಂತಾಯ್ತು.

ಅಂದ್ಕೊಂಡಷ್ಟು ಸಲೀಸಾಗಿ ಶುರುವಾಗಲಿಲ್ಲ. ಎರಡು ತಿಂಗಳಲ್ಲಿ ಮಾತಿನ ರೂಢಿ ತಪ್ಪಿತ್ತು. ಮೊದಲ ಮಂಗಳವಾರ ವೀಡಿಯೋ ಕಾಲ್‌ನಲ್ಲಿ ಆಯಿಯ ಮನೆಯ ಫ್ಯಾನು ಕಾಣ್ತಿತ್ತು, ಈ ಕಡೆ ಇವರಿಬ್ಬರೂ ಕಾಲು ಅಲ್ಲಾಡಿಸ್ತಾ ಕೂತಿದ್ರು. "ಊಟ ಆತಾ?" "ಹೂಂ." "ಸಾಲಿ ಹೆಂಗೈತಿ?" "ಛಾನ್." ಐದು ನಿಮಿಷಕ್ಕೆ ಮುಗೀತು. ಹೇಳಿಕೊಟ್ಟು ಮಾತಾಡಿಸೋಣ ಅಂತ ಬಾಯಿವರೆಗೂ ಬಂತು, ಹೆಂಡತಿ ಕಣ್ಣು ಬಿಟ್ಟಳು, ಸುಮ್ಮನಾದೆ.

ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಸಣ್ಣಾಕಿ ತಾನೇ ಕೇಳಿದ್ಲು. "ಆಯಿ, ಗಿಡ ಬಿದ್ದ ಜಾಗಾದಾಗ ಈಗ ಏನೈತಿ? ತೋರ್ಸು."

ಅವ್ವ ಫೋನು ಹಿಡ್ಕೊಂಡೇ ಹಿತ್ತಲಿಗೆ ಹೋದ್ರು. ಬಾಗಿಲು ತೆಗೆದ ಸಪ್ಪಳ ಕೇಳ್ತು. ಆಮೇಲೆ ಬರೀ ಕಪ್ಪು. "ಬುಡದಾಗ ಚಿಗುರ ಬಂದೈತಿ, ಕತ್ತಲಾಗ ಕಾಣಸೂದಿಲ್ಲವ್ವಾ. ರವಿವಾರ ಮುಂಜಾನೆ ಮಾಡು, ತೋರಸ್ತೀನಿ."

ಸಣ್ಣಾಕಿ ಫ್ರಿಜ್ ಕಡೆ ನೋಡಿದ್ಲು. "ರವಿವಾರ ಕನ್ನಡ ಕ್ಲಾಸ್ ಐತಲ್ಲ, ಪಪ್ಪಾ?"

ಅದು ಹತ್ತಕ್ಕೆ, ನಾವು ಒಂಬತ್ತಕ್ಕೇ ಮಾಡೋಣ ಅಂದೆ.