ಪ್ರಶ್ನೆಪತ್ರಿಕೆಯಿಂದಲೇ ಶುರುವಾಗಲಿ: ವೈದ್ಯಕೀಯ ಕಾಲೇಜಿನ ಶಿಕ್ಷಣ ಘಟಕದ ಬಗ್ಗೆ



ಈ ದತ್ತಿ ಉಪನ್ಯಾಸಕ್ಕೆ ಕರೆದು ನನ್ನನ್ನು ಗೌರವಿಸಿದ್ದೀರಿ. ಯಾರ ಹೆಸರಿನಲ್ಲಿ ಈ ದತ್ತಿ ಇದೆಯೋ ಆ ಹಿರಿಯರು ರೌಂಡ್ಸ್ ಮುಗಿದ ಮೇಲೂ ಹುಡುಗರನ್ನು ಪ್ರಶ್ನೆ ಕೇಳದೆ ಊಟಕ್ಕೆ ಬಿಟ್ಟವರಲ್ಲ ಎಂದು ಅವರ ಶಿಷ್ಯರು ಇವತ್ತಿಗೂ ಹೇಳುತ್ತಾರೆ. ವೈದ್ಯಕೀಯ ಶಿಕ್ಷಣ ಘಟಕದ ಕೆಲಸ ಪ್ರಶ್ನೆಪತ್ರಿಕೆಯಿಂದ ಶುರುವಾಗಬೇಕೆಂಬ ನನ್ನ ಇಂದಿನ ವಾದವನ್ನು ಅವರು ತಳ್ಳಿಹಾಕುತ್ತಿರಲಿಲ್ಲ ಎಂಬ ಧೈರ್ಯದಿಂದ ಮಾತು ಶುರುಮಾಡುತ್ತೇನೆ.

ಘಟಕದ ಚರಿತ್ರೆಯನ್ನು ಬೇಗ ದಾಟಿಬಿಡೋಣ, ಅದು ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಬಫಲೋದಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯರು ಶಿಕ್ಷಣಶಾಸ್ತ್ರದವರನ್ನು ಜೊತೆಗೆ ಕೂಡಿಸಿಕೊಂಡು, ಡಾಕ್ಟರುಗಳು ಹೇಗೆ ಪಾಠ ಮಾಡುತ್ತಾರೆ ಎಂದು ನೋಡತೊಡಗಿದರು. 1959ರಲ್ಲಿ ಅವರು ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋಗಿ ಅದೇ ಕೆಲಸಕ್ಕೆ ಕಾಯಂ ನೆಲೆ ಮಾಡಿದರು. ನಮ್ಮಲ್ಲಿ 1970ರ ದಶಕದಲ್ಲಿ ಪಾಂಡಿಚೇರಿಯ ಜಿಪ್‌ಮರ್‌ನಲ್ಲಿ ರಾಷ್ಟ್ರೀಯ ಶಿಕ್ಷಕ ತರಬೇತಿ ಕೇಂದ್ರ ಬಂತು. ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿ, ಎಲ್ಲ ಕಾಲೇಜಿನಲ್ಲೂ ವೈದ್ಯಕೀಯ ಶಿಕ್ಷಣ ಘಟಕ ಇರಬೇಕೆಂದಿತು. 2019ರಲ್ಲಿ ಸಾಮರ್ಥ್ಯಾಧಾರಿತ ಪಠ್ಯಕ್ರಮ ಬಂದಮೇಲಂತೂ ಘಟಕದ ಬೋರ್ಡು ಇಲ್ಲದ ಕಾಲೇಜು ಹುಡುಕಿದರೂ ಸಿಗಲಿಕ್ಕಿಲ್ಲ. ಬೋರ್ಡಿನ ಹಿಂದಿನ ಕೋಣೆಗೆ ವರ್ಷದಲ್ಲಿ ಎಷ್ಟು ದಿನ ಬೀಗ ಎಂಬುದನ್ನು ನಾನು ಇಲ್ಲಿ ಕೇಳುವುದಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. 1997ರ ಆ ನಿಯಮ ಘಟಕಕ್ಕೆ ಎರಡು ಕೆಲಸ ಹೇಳಿತು: ಅಧ್ಯಾಪಕರನ್ನು ತಯಾರು ಮಾಡುವುದು, ಕಲಿಕೆಯ ಸಾಮಗ್ರಿ ಒದಗಿಸುವುದು. ಪರೀಕ್ಷೆಯ ಮಾತನ್ನು ಅಲ್ಲಿ ಎತ್ತಲಿಲ್ಲ. ನಮ್ಮ ಘಟಕಗಳು ಅಂದಿನಿಂದ ಇಂದಿನವರೆಗೂ ಕಾರ್ಯಾಗಾರದಿಂದ ಕಾರ್ಯಾಗಾರಕ್ಕೆ ಬದುಕುತ್ತಿರುವುದಕ್ಕೆ ಅಲ್ಲೇ ಬೇರು ಇದೆ. ಮೂರು ದಿನದ ತರಬೇತಿ, ಕೊನೆಗೆ ಗ್ರೂಪ್ ಫೋಟೊ, ಪ್ರಮಾಣಪತ್ರ. ಆ ಮೂರು ದಿನಗಳಲ್ಲಿ ಒಮ್ಮೆಯಾದರೂ ಪರದೆಯ ಮೇಲೆ ‘ಕಲಿಕೆಯ ಶಂಕು’ ಎಂಬ ಚಿತ್ರ ಬಂದೇ ಬರುತ್ತದೆ: ಓದಿದ್ದರಲ್ಲಿ ಶೇಕಡ ಹತ್ತು ನೆನಪಿರುತ್ತದೆ, ಕೇಳಿದ್ದರಲ್ಲಿ ಇಪ್ಪತ್ತು, ಮಾಡಿದ್ದರಲ್ಲಿ ತೊಂಬತ್ತು. ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಮೂಲ ಶಂಕುವಿನಲ್ಲಿ ಇಂಥ ಒಂದು ಅಂಕಿಯೂ ಇರಲಿಲ್ಲ. ರೋಗಿಗೆ ಔಷಧಿ ಕೊಡುವಾಗ ಪುರಾವೆ ಕೇಳುವ ನಾವು ಪಾಠದ ವಿಷಯ ಬಂದಾಗ ಯಾರೋ ಹಚ್ಚಿದ ಅಂಕಿಗೆ ತಲೆಯಾಡಿಸುತ್ತೇವೆ.

‘ಮೊದಲು ಶಿಕ್ಷಕ ಸರಿಹೋಗಲಿ, ಪರೀಕ್ಷೆ ತಾನಾಗಿ ಸರಿಹೋಗುತ್ತದೆ’ ಎನ್ನುವವರು ಸಣ್ಣವರಲ್ಲ. ಅವರಲ್ಲಿ ನನ್ನ ಗುರುಗಳೂ ಇದ್ದಾರೆ. ಆದರೆ ಅವರ ಪರವಾಗಿ ಇರುವ ಪುರಾವೆ ಏನು? ಕೆನಡಾದ ಈವನ್ ಸ್ಟೈನರ್ಟ್ ಮತ್ತು ಸಂಗಡಿಗರು 2006ರಲ್ಲಿ 53 ಅಧ್ಯಯನಗಳನ್ನು ಜಾಲಾಡಿದರು. ತರಬೇತಿ ಪಡೆದ ಅಧ್ಯಾಪಕರಿಗೆ ತೃಪ್ತಿ ಇತ್ತು, ತಾವು ಬದಲಾಗಿದ್ದೇವೆಂದೂ ಅವರು ಹೇಳಿಕೊಂಡರು. ವಿದ್ಯಾರ್ಥಿಗಳ ಕಲಿಕೆ ಬದಲಾಯಿತೇ ಎಂದು ನೋಡಿದವರು ಮಾತ್ರ ಬಲು ವಿರಳ. ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ದೀರ್ಘಕಾಲ ನಡೆದು, ಸಹೋದ್ಯೋಗಿಗಳು ಒಬ್ಬರಿಗೊಬ್ಬರು ತಪ್ಪು ತೋರಿಸಿಕೊಡುವಂಥ ತರಬೇತಿಗೆ ಬೆಲೆ ಇದೆಯೆಂದು ಅದೇ ವರದಿ ಹೇಳುತ್ತದೆ. ಮೂರು ದಿನದ ಜಾತ್ರೆ ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ, ಪರೀಕ್ಷೆಯದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕೊನೆಯ ವರ್ಷದ ಕ್ಲಿನಿಕಲ್ ಪರೀಕ್ಷೆ ತೆಗೆದು, ವಾರ್ಡಿನ ಅಧ್ಯಾಪಕರೇ ಅಂಕ ಕೊಡುವ ಪದ್ಧತಿ ತಂದರು. ಹುಡುಗರು ವಾರ್ಡಿನಲ್ಲೇ ಹೆಚ್ಚು ಹೊತ್ತು ಕಳೆಯಲಿ ಎಂಬುದು ಉದ್ದೇಶ. ಆದದ್ದು ತಿರುಗುಮುರುಗು. ವಾರ್ಡಿನಲ್ಲಿ ನಪಾಸಾಗುವ ಭಯವೇ ಇಲ್ಲವೆಂದು ಗೊತ್ತಾದ ಕೂಡಲೇ ಹುಡುಗರು ಥಿಯರಿ ಪತ್ರಿಕೆಗೆ ಓದಲು ಲೈಬ್ರರಿ ಸೇರಿದರು. ಹೊಸ ರೀತಿಯ ಕ್ಲಿನಿಕಲ್ ಪರೀಕ್ಷೆ ಬಂದಮೇಲೆ ವಾರ್ಡಿಗೆ ಮರಳಿದರು. ಅಲ್ಲಿನ ಸಂಶೋಧಕರಾದ ನ್ಯೂಬಲ್ ಮತ್ತು ಯೇಗರ್ 1983ರಲ್ಲಿ ಇದನ್ನು ಬರೆದಿಟ್ಟರು. ಹುಡುಗರನ್ನು ಅತ್ತಿಂದಿತ್ತ ಓಡಾಡಿಸಿದ್ದು ಪರೀಕ್ಷೆ.

ಹತ್ತಿರದ ಉದಾಹರಣೆ ಕೊಡುತ್ತೇನೆ. ‘ನೈಟ್ರೇಟ್‌ಗಳು: ಸಣ್ಣ ಟಿಪ್ಪಣಿ ಬರೆಯಿರಿ’. ಈ ಪ್ರಶ್ನೆಗೆ ಗೈಡಿನ ಅರ್ಧ ಪುಟ ಸಾಕು. ನಮ್ಮ ಘಟಕದಲ್ಲಿ ಕೂತು ಅದನ್ನು ಹೀಗೆ ತಿದ್ದಿದೆವು: 58 ವರ್ಷದ ರೈತ, ಎರಡು ಗಂಟೆಯಿಂದ ಎದೆನೋವು, ಮೈಯೆಲ್ಲ ಬೆವರು, ಇಸಿಜಿಯ ಎರಡು, ಮೂರು ಮತ್ತು ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಏರಿದೆ, ರಕ್ತದೊತ್ತಡ 84/50. ನಾಲಿಗೆಯಡಿ ನೈಟ್ರೇಟ್ ಇಡುತ್ತೀರಾ? ಕಾರಣ ಕೊಡಿ. ರಕ್ತದೊತ್ತಡ ನೋಡಿ ‘ಇಲ್ಲ’ ಎಂದವನಿಗೆ ಅರ್ಧ ಅಂಕ. ಹೃದಯದ ಕೆಳಭಾಗದ ಈ ಪೆಟ್ಟು ಬಲ ಹೃತ್ಕುಕ್ಷಿಗೂ ತಾಗಿರಬಹುದು, ಅದು ಹಿಂತಿರುಗಿ ಬರುವ ರಕ್ತದ ಮೇಲೆಯೇ ನಡೆಯುತ್ತಿದೆ, ನೈಟ್ರೇಟ್ ಆ ರಕ್ತವನ್ನೇ ಕಡಿಮೆ ಮಾಡುತ್ತದೆ ಎಂದು ಬರೆದವನಿಗೆ ಪೂರ್ತಿ ಅಂಕ. ಇಂಥ ಪ್ರಶ್ನೆ ಬರುತ್ತದೆಂದು ಗೊತ್ತಾದ ಮೇಲೆ ಫಾರ್ಮಕಾಲಜಿಯ ಅಧ್ಯಾಪಕರಿಗೆ ಸ್ಲೈಡು ಓದಿ ಹೇಳಿ ಮುಗಿಸುವ ದಾರಿಯೇ ಇರುವುದಿಲ್ಲ. ತರಗತಿಯಲ್ಲಿ ಹುಡುಗರೇ ಬಿಡುವುದಿಲ್ಲ.

‘ವಾರ್ಷಿಕ ಪತ್ರಿಕೆ ತೆಗೆಯುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ನಮ್ಮ ಕೈಯಲ್ಲಿ ಏನಿದೆ?’ ಎಂದು ಪ್ರಾಂಶುಪಾಲರು ಕೇಳುತ್ತಾರೆ. ಆಂತರಿಕ ಮೌಲ್ಯಮಾಪನ ಇದೆ. ಅದರಲ್ಲಿ ಸಾಕಷ್ಟು ಅಂಕ ಗಿಟ್ಟದವನು ವಿಶ್ವವಿದ್ಯಾಲಯದ ಪರೀಕ್ಷೆಗೇ ಕೂರುವಂತಿಲ್ಲ. ಅಷ್ಟು ಅಧಿಕಾರ ಕೈಯಲ್ಲಿರುವಾಗ ಇಲ್ಲವೆನ್ನುವುದು ಸರಿಯಲ್ಲ.

ಹೊಸದಾಗಿ ಘಟಕ ಕಟ್ಟುವವರು ಹೀಗೆ ಮಾಡಲಿ. ಸಭಾಂಗಣದ ಪಕ್ಕದ ಕೋಣೆ ಬೇಡ, ಪರೀಕ್ಷಾ ವಿಭಾಗದ ಪಕ್ಕದ್ದು ಸಿಗಲಿ. ಸಂಯೋಜಕರ ಪಾಠದ ಹೊರೆ ಅರ್ಧಕ್ಕೆ ಇಳಿಯಲಿ. ಬಿಡುವಿನಲ್ಲಿ ಮಾಡುವ ಕೆಲಸ ಇದಲ್ಲ. ಸಮುದಾಯ ವೈದ್ಯಶಾಸ್ತ್ರದಲ್ಲಿರುವ ಸಂಖ್ಯಾಶಾಸ್ತ್ರಜ್ಞರ ಒಂದು ಪಾಲು ಸಮಯ ಘಟಕಕ್ಕೆ ಬರಲಿ: ಯಾವ ಪ್ರಶ್ನೆಗೆ ಚೆನ್ನಾಗಿ ಓದಿದವರೂ ಓದದವರೂ ಒಂದೇ ರೀತಿ ಉತ್ತರಿಸಿದ್ದಾರೆ ಎಂದು ತೋರಿಸಲು ಅವರೇ ಬೇಕು. ಮತ್ತು ಒಂದೇ ಒಂದು ಅಧಿಕಾರ: ಘಟಕದ ಸಹಿ ಇಲ್ಲದೆ ಆಂತರಿಕ ಪತ್ರಿಕೆ ಮುದ್ರಣಕ್ಕೆ ಹೋಗಕೂಡದು.

‘ನನ್ನ ಸರ್ಜರಿ ಪತ್ರಿಕೆಯನ್ನು ಫಿಸಿಯಾಲಜಿಯವರು ತಿದ್ದುತ್ತಾರೆಯೇ?’ ಎಂದು ವಿಭಾಗದ ಮುಖ್ಯಸ್ಥರೊಬ್ಬರು ಸಭೆಯಲ್ಲಿ ಗುಡುಗಿದ್ದನ್ನು ಕೇಳಿದ್ದೇನೆ. ಪ್ರಶ್ನೆ ನ್ಯಾಯವಾದದ್ದೇ. ಸರ್ಜರಿಯ ವಿಷಯಕ್ಕೆ ಘಟಕ ಕೈಹಾಕಬಾರದು. ಆದರೆ ಫಿಸಿಯಾಲಜಿಯ ಅಧ್ಯಾಪಕರು ಗೈಡು ಪಕ್ಕದಲ್ಲಿಟ್ಟುಕೊಂಡು ಆ ಪತ್ರಿಕೆ ಬರೆದು ಪಾಸಾದರೆ, ಪತ್ರಿಕೆ ಮುಖ್ಯಸ್ಥರ ಮೇಜಿಗೆ ವಾಪಸು ಹೋಗಲಿ.