ಕೈ ಮರೆಯಲಿಲ್ಲ

ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ, ತನ್ನ 27ನೇ ವಯಸ್ಸಿನಲ್ಲಿ, ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು. ಮಿದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲು ಹೋಯಿತು. ಆಮೇಲೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲದಾದವು. ಈಗಷ್ಟೇ ಮಾತಾಡಿಸಿ ಹೋದವರು ಮರಳಿ ಬಂದರೆ ಅಪರಿಚಿತರು.

ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೊಂದು ಕೆಲಸ ಕೊಟ್ಟರು: ಕೈಯನ್ನು ಕನ್ನಡಿಯಲ್ಲಷ್ಟೇ ನೋಡುತ್ತಾ ನಕ್ಷತ್ರದ ಚಿತ್ರದ ಅಂಚಿನುದ್ದಕ್ಕೂ ಪೆನ್ಸಿಲ್ ಎಳೆಯಬೇಕು. ಮೊದಲ ದಿನ ತಡವರಿಕೆ. ಮೂರನೆಯ ದಿನಕ್ಕೆ ಸಲೀಸು. ಹಿಂದೆ ಮಾಡಿದ್ದೇ ಅವನಿಗೆ ಗೊತ್ತಿಲ್ಲ! ಘಟನೆಯ ನೆನಪಿಗೆ ಒಂದು ದಾರಿಯಾದರೆ, ಕೈಯ ಅಭ್ಯಾಸಕ್ಕೆ ಇನ್ನೊಂದು.

ಕೊನೆಗಾಲದಲ್ಲಿ ನಮ್ಮಜ್ಜಿಯೂ ನನ್ನ ಹೆಸರು ಮರೆತಿದ್ದರು. ಆದರೆ ಮುಂದೆ ಮಲ್ಲಿಗೆ, ಬಾಳೆನಾರು ಇಟ್ಟರೆ ಸಾಕು, ಬೆರಳುಗಳು ತಾವಾಗಿ ಮಾಲೆ ಕಟ್ಟುತ್ತಿದ್ದವು. ಕಟ್ಟಿದ್ದನ್ನು ನನ್ನ ಜಡೆಗೇ ಮುಡಿಸುತ್ತಿದ್ದರು.