ವಿಂಗಡಿಸುವ ಮನಸ್ಸು



ಕಣದಲ್ಲಿ ರಾಶಿಯನ್ನು ತೂರುವ ರೈತನು ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸುವಂತೆ, ಮನುಷ್ಯನ ಮನಸ್ಸು ಕಂಡದ್ದನ್ನೆಲ್ಲ ವಿಂಗಡಿಸುತ್ತಲೇ ಇರುವುದು. ಈ ಶಕ್ತಿಯಿಲ್ಲದಿದ್ದರೆ ಎದುರಾದ ಪ್ರತಿಯೊಂದು ಹಾವನ್ನೂ ಹೊಸದಾಗಿ ಪರೀಕ್ಷಿಸಬೇಕಾಗುತ್ತಿದ್ದಿತು. ಆದುದರಿಂದ ವಿಂಗಡಣೆಯು ದೋಷವಲ್ಲ. ಬುದ್ಧಿಯ ಮೊದಲ ಉಪಕರಣವದು. ಆದರೆ ತಾನು ವಿಂಗಡಿಸಿದವುಗಳ ನಡುವಣ ಅಂತರವನ್ನು ಮನಸ್ಸು ಇದ್ದುದಕ್ಕಿಂತ ಹಿಗ್ಗಿಸಿ ಕಾಣುವುದೆಂಬುದು ವಿಚಾರಾರ್ಹವಾದ ಸಂಗತಿ.

ಇದನ್ನು ಶೋಧಿಸಿದವರಲ್ಲಿ ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಪ್ರಮುಖರು. ಪೋಲೆಂಡಿನ ಯಹೂದಿ ಕುಟುಂಬದಲ್ಲಿ 1919ರಲ್ಲಿ ಜನಿಸಿದ ಇವರು ಫ್ರೆಂಚ್ ಸೈನ್ಯವನ್ನು ಸೇರಿ, 1940ರಲ್ಲಿ ಜರ್ಮನರಿಗೆ ಸೆರೆಸಿಕ್ಕಿದರು. ಫ್ರಾನ್ಸಿನ ಯಹೂದಿಯೆಂದು ಭಾವಿಸಲ್ಪಟ್ಟುದರಿಂದ ಇವರ ಪ್ರಾಣವುಳಿಯಿತು. ಪೋಲೆಂಡಿನವರೆಂದು ತಿಳಿದಿದ್ದರೆ ಉಳಿಯುತ್ತಿರಲಿಲ್ಲ. ಮನುಷ್ಯನೊಬ್ಬನೇ, ಹಚ್ಚಿದ ಹೆಸರು ಮಾತ್ರ ಬೇರೆ. ಯುದ್ಧವು ಮುಗಿದು ಹಿಂದಿರುಗಿದಾಗ ಮನೆಯವರಲ್ಲಿ ಬಹುತೇಕ ಯಾರೂ ಬದುಕಿರಲಿಲ್ಲ.

ಮುಂದೆ 1963ರಲ್ಲಿ ಇವರೂ ವಿಲ್ಕ್ಸ್ ಎಂಬವರೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕ್ರಮವಾಗಿ ಉದ್ದವಾಗುತ್ತ ಹೋಗುವ 8 ಗೆರೆಗಳಲ್ಲಿ ಗಿಡ್ಡವಾದ 4ಕ್ಕೆ ಒಂದು ಅಕ್ಷರವನ್ನೂ, ಉದ್ದವಾದ 4ಕ್ಕೆ ಇನ್ನೊಂದು ಅಕ್ಷರವನ್ನೂ ಇಟ್ಟು ಅವುಗಳ ಅಳತೆಯನ್ನು ಊಹಿಸಹೇಳಿದರು. ನೋಡಿದವರು 4ನೆಯ ಮತ್ತು 5ನೆಯ ಗೆರೆಗಳ ನಡುವಣ ಅಂತರವನ್ನು ಇದ್ದುದಕ್ಕಿಂತ ಬಹಳ ಹೆಚ್ಚಿಸಿ ಹೇಳಿದರು. ಅಕ್ಷರಗಳಿಲ್ಲದೆ ನೋಡಿದವರಲ್ಲಿ ಈ ಭ್ರಮೆ ಕಾಣಲಿಲ್ಲ.

ಗೆರೆಗಳ ವಿಷಯದಲ್ಲಿ ಇದು ನಿರುಪದ್ರವಿಯಾದ ತಪ್ಪು. ಮನುಷ್ಯರ ವಿಷಯದಲ್ಲಿ ಹಾಗಲ್ಲ. 1970ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ತಾಜ್ಫೆಲ್ಲರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ 14-15 ವರ್ಷದ ಬಾಲಕರನ್ನು ಎರಡು ಗುಂಪು ಮಾಡಿದರು. ಕ್ಲೀ, ಕಾಂಡಿನ್ಸ್ಕಿ ಎಂಬ ಇಬ್ಬರು ಚಿತ್ರಕಾರರಲ್ಲಿ ಯಾರನ್ನು ಮೆಚ್ಚಿದರೆಂಬುದೇ ಆಧಾರವೆಂದು ಹೇಳಲಾಯಿತು. ನಿಜವಾಗಿ ಗುಂಪು ಮಾಡಿದ್ದು ಕಣ್ಣುಮುಚ್ಚಿ. ಹಳೆಯ ವೈರವಿಲ್ಲ, ಹಂಚುವವನಿಗೆ ಸ್ವಂತ ಲಾಭವೂ ಇಲ್ಲ. ಆದರೂ ಹಣವನ್ನು ಹಂಚುವಾಗ ಬಾಲಕರು ತಮ್ಮ ಗುಂಪಿನ ಕಡೆಗೇ ವಾಲಿದರು. ಅಷ್ಟೇ ಅಲ್ಲ, ತಮ್ಮವರಿಗೆ ಬರುವುದು ಕಡಿಮೆಯಾದರೂ ಸರಿಯೆ, ಇತರರಿಗಿಂತ ಹೆಚ್ಚಾಗಿರಲೆಂದು ಬಯಸುವ ಒಲವು ಅವರಲ್ಲಿ ಕಂಡುಬಂದಿತು.

ಮಹಾಶಯರೇ, ವಿಂಗಡಿಸುವುದನ್ನು ಬಿಡಲು ಮನುಷ್ಯನಿಗೆ ಸಾಧ್ಯವಿಲ್ಲ. ಆದರೆ ಬಾಗಿಲಿಗೆ ಬಂದವನನ್ನು ಇಂಥವರ ಪೈಕಿಯವನೆಂದು ಮನಸ್ಸು ನಿರ್ಣಯಿಸಿದಾಗ, ಕಾಣುತ್ತಿರುವ ಅಂತರವು ಗೆರೆಯಲ್ಲಿದೆಯೋ, ಹಚ್ಚಿದ ಅಕ್ಷರದಲ್ಲಿದೆಯೋ ಎಂದು ಒಂದು ಕ್ಷಣ ಕೇಳಿಕೊಳ್ಳುವುದು ಸಾಧ್ಯ. ವಿವೇಕವೆಂಬುದು ಆ ಒಂದು ಕ್ಷಣದಲ್ಲಿಯೇ ಇರುವುದು.